ಅಯೋಡೈಡ್: ಹೆಸರಿನ ಬಾಲದಲ್ಲಿ ಏನಿದೆ?

ಅಂಗಡಿಯಿಂದ ತಂದ ಉಪ್ಪಿನ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಪೊಟ್ಯಾಸಿಯಂ ಅಯೋಡೇಟ್’ ಎಂದು ಬರೆದಿರುತ್ತದೆ. ಗಾಯಕ್ಕೆ ಹಚ್ಚುವ ಟಿಂಕ್ಚರಿನಲ್ಲಿ ಅಯೋಡಿನ್ ಜೊತೆಗೆ ‘ಪೊಟ್ಯಾಸಿಯಂ ಅಯೋಡೈಡ್’ ಇರುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸರ್ಕಾರ ಮೋಡ ಬಿತ್ತನೆಯ ಮಾತೆತ್ತಿದಾಗ ‘ಸಿಲ್ವರ್ ಅಯೋಡೈಡ್’ ಎಂಬ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹೋಮಿಯೋಪಥಿ ಅಂಗಡಿಯ ಕಪಾಟಿನಲ್ಲಿ ‘ಕಾಲಿ ಅಯೋಡೇಟಂ’ ಎಂಬ ಚೀಟಿ ಅಂಟಿಸಿಕೊಂಡ ಸೀಸೆಯೂ ಇರುತ್ತದೆ. ಇವೆಲ್ಲ ಒಂದೇ ಬಳಗದ ಹೆಸರುಗಳು. ಆದರೆ ಒಂದೇ ವಸ್ತುವಿನ ಹೆಸರುಗಳಲ್ಲ. ವ್ಯತ್ಯಾಸವೆಲ್ಲ ಪದದ ಬಾಲದಲ್ಲಿದೆ. ಆ ಬಾಲವನ್ನು ಬಿಡಿಸಿ ನೋಡುವುದು ಬರಿಯ ಪಂಡಿತರ ಕೆಲಸವಲ್ಲ. ಕೋಟ್ಯಂತರ ಮಕ್ಕಳ ಬುದ್ಧಿಯ ಬೆಳವಣಿಗೆಯ ಪ್ರಶ್ನೆ ಅದರೊಂದಿಗೆ ಹೆಣೆದುಕೊಂಡಿದೆ.

ಮೊದಲು ಒಂದು ಮಾತು. ಕನ್ನಡದಲ್ಲಿ ನಮಗೆ ‘ಉಪ್ಪು’ ಮತ್ತು ‘ಲವಣ’ ಎಂಬ ಎರಡು ಪದಗಳಿವೆ. ಅಡುಗೆಮನೆಯಲ್ಲಿ ಎರಡಕ್ಕೂ ಅರ್ಥ ಒಂದೇ. ಆದರೆ ಪಠ್ಯಪುಸ್ತಕ ಬರೆದವರು ಇವೆರಡರ ನಡುವೆ ಒಂದು ಗೆರೆ ಎಳೆದರು. ಊಟಕ್ಕೆ ಬಳಸುವುದು ಉಪ್ಪು. ಆಮ್ಲವೂ ಪ್ರತ್ಯಾಮ್ಲವೂ ಕೂಡಿ ಹುಟ್ಟುವ ಯಾವ ವಸ್ತುವಾದರೂ ಲವಣ. ಹೀಗಾಗಿ ಎಲ್ಲ ಉಪ್ಪೂ ಲವಣವೇ, ಎಲ್ಲ ಲವಣವೂ ಉಪ್ಪಲ್ಲ. ಮೈಲುತುತ್ತವೂ ಒಂದು ಲವಣ. ಅದನ್ನು ಸಾರಿಗೆ ಹಾಕುವವರಿಲ್ಲ. ಅಯೋಡೈಡ್ ಮತ್ತು ಅಯೋಡೇಟ್ ಎರಡೂ ಅಯೋಡಿನ್ನಿನ ಲವಣಗಳು.

ಐಡ್ ಮತ್ತು ಏಟ್

ಈ ಹೆಸರುಗಳ ವ್ಯಾಕರಣ ಸರಳ. ಒಂದು ಮೂಲವಸ್ತು ಲೋಹದೊಡನೆ ನೇರವಾಗಿ ಕೂಡಿದ್ದರೆ ಅದರ ಹೆಸರಿಗೆ ‘ಐಡ್’ ಎಂಬ ಬಾಲ. ಆಮ್ಲಜನಕವನ್ನೂ ಜೊತೆಗೆ ಕಟ್ಟಿಕೊಂಡು ಕೂಡಿದ್ದರೆ ಸಾಮಾನ್ಯವಾಗಿ ‘ಏಟ್’ ಎಂಬ ಬಾಲ. ಪೊಟ್ಯಾಸಿಯಂ ಅಯೋಡೈಡಿನಲ್ಲಿ ಒಂದು ಪೊಟ್ಯಾಸಿಯಂ, ಒಂದು ಅಯೋಡಿನ್ ಪರಮಾಣು, ಅಷ್ಟೇ. ಪೊಟ್ಯಾಸಿಯಂ ಅಯೋಡೇಟಿನಲ್ಲಿ ಇವೆರಡರ ಜೊತೆಗೆ ಆಮ್ಲಜನಕದ ಮೂರು ಪರಮಾಣುಗಳು.

ಮೂರು ಪರಮಾಣು ಹೆಚ್ಚಾದರೆ ಏನಾಯಿತು ಎನ್ನಬಹುದು. ಇದೇ ಬಳಗದ ಕ್ಲೋರಿನ್ನನ್ನು ನೋಡಿ. ಪೊಟ್ಯಾಸಿಯಂ ಕ್ಲೋರೈಡ್ ನಮ್ಮ ರೈತರು ಗದ್ದೆಗೆ ಹಾಕುವ ಗೊಬ್ಬರ. ಪೊಟ್ಯಾಸಿಯಂ ಕ್ಲೋರೇಟ್ ಬೆಂಕಿಕಡ್ಡಿಯ ತಲೆಯಲ್ಲಿರುವ ವಸ್ತು. ಗೀರಿದರೆ ಭಗ್ಗೆಂದು ಉರಿಯಲು ಕಾರಣ ಅದರೊಳಗೆ ಸೇರಿಕೊಂಡಿರುವ ಆಮ್ಲಜನಕ. ಸೋಡಿಯಂ ಕ್ಲೋರೈಡ್ ನಮ್ಮ ಅಡುಗೆಯ ಉಪ್ಪು. ಸೋಡಿಯಂ ಕ್ಲೋರೇಟ್ ಕಳೆ ಕೊಲ್ಲುವ ವಿಷ. ಬಾಲ ಬದಲಾದರೆ ವಸ್ತುವಿನ ಸ್ವಭಾವವೇ ಬದಲಾಗುತ್ತದೆ.

‘ಐಡ್’ ಎಂಬ ಬಾಲಕ್ಕೆ ತನ್ನದೇ ಚರಿತ್ರೆಯಿದೆ. 1787ರಲ್ಲಿ ಫ್ರಾನ್ಸಿನ ಗೀತೋಂ ದ ಮೊರ್ವೋ, ಲವಾಸಿಯೆ ಮೊದಲಾದ ನಾಲ್ವರು ರಸಾಯನಶಾಸ್ತ್ರದ ಹೆಸರುಗಳನ್ನೆಲ್ಲ ಹೊಸದಾಗಿ ಕಟ್ಟಿದರು. ಅದುವರೆಗೆ ವಸ್ತುಗಳಿಗೆ ಊರಿನ ಹೆಸರು, ಗ್ರಹದ ಹೆಸರು, ಕಂಡುಹಿಡಿದವನ ಹೆಸರು ಹೀಗೆ ಮನಬಂದಂತೆ ಹೆಸರಿಡುತ್ತಿದ್ದರು. ಹೆಸರು ಕೇಳಿದರೆ ವಸ್ತುವಿನೊಳಗೆ ಏನಿದೆ ಎಂಬುದು ತಿಳಿಯಬೇಕು ಎಂಬುದು ಈ ನಾಲ್ವರ ಹಟ. ‘ಆಕ್ಸಿಜನ್’ನ ತಲೆಗೆ ‘ಆಸಿಡ್’ನ ಬಾಲ ಜೋಡಿಸಿ ‘ಆಕ್ಸೈಡ್’ ಎಂಬ ಪದ ಮಾಡಿದರು. ಆ ಬಾಲವೇ ಮುಂದೆ ಕ್ಲೋರೈಡ್, ಸಲ್ಫೈಡ್, ಅಯೋಡೈಡ್‌ಗಳಿಗೆ ಹರಡಿತು.

ಆದರೆ ಹಳೆಯ ಹೆಸರುಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಪೊಟಾಷ್ ಗೊಬ್ಬರವನ್ನು ಇಂದಿಗೂ ‘ಮ್ಯೂರಿಯೇಟ್ ಆಫ್ ಪೊಟಾಷ್’ ಎನ್ನುತ್ತೇವೆ. ರೈತರ ಬಾಯಲ್ಲಿ ಅದು ‘ಎಂಒಪಿ’. ಅದು ಕ್ಲೋರೈಡ್ ತಾನೇ, ‘ಏಟ್’ ಎಲ್ಲಿಂದ ಬಂತು? ಕ್ಲೋರಿನ್ನಿನೊಳಗೆ ಆಮ್ಲಜನಕ ಇದೆಯೆಂದು ಆ ಕಾಲದ ವಿದ್ವಾಂಸರು ನಂಬಿದ್ದರು. ಅದು ಸ್ವತಂತ್ರ ಮೂಲವಸ್ತು ಎಂದು ಹಂಫ್ರಿ ಡೇವಿ ತೋರಿಸಿದ್ದು 1810ರಲ್ಲಿ. ನಂಬಿಕೆ ಹೋಯಿತು, ಹೆಸರು ಗೊಬ್ಬರದ ಚೀಲದ ಮೇಲೆ ಉಳಿಯಿತು. ಹೋಮಿಯೋಪಥಿಯ ‘ಕಾಲಿ ಅಯೋಡೇಟಂ’ ಕೂಡ ಇದೇ ಜಾತಿಯದು. ಕೇಳಿದರೆ ಅಯೋಡೇಟ್ ಅನ್ನಿಸುತ್ತದೆ. ವಾಸ್ತವವಾಗಿ ಅದು ಪೊಟ್ಯಾಸಿಯಂ ಅಯೋಡೈಡ್. ‘ಕಾಲಿ’ ಎಂಬುದು ನಮ್ಮ ಕಾಳಿಯಲ್ಲ. ಬೂದಿಯ ಕ್ಷಾರಕ್ಕೆ ಅರಬರು ಇಟ್ಟ ಹೆಸರಿನಿಂದ ಬಂದದ್ದು.

ನೇರಳೆ ಹೊಗೆ

ಅಯೋಡಿನ್ ಮನುಷ್ಯನ ಕಣ್ಣಿಗೆ ಬಿದ್ದದ್ದು ಯುದ್ಧದ ದೆಸೆಯಿಂದ. ನೆಪೋಲಿಯನ್ನನ ಕಾಲದ ಫ್ರಾನ್ಸಿಗೆ ಕೋವಿಮದ್ದು ಬೇಕಾಗಿತ್ತು. ಕೋವಿಮದ್ದಿಗೆ ಪೆಟ್ಲುಪ್ಪು ಬೇಕು, ಪೆಟ್ಲುಪ್ಪು ತಯಾರಿಸಲು ಬೂದಿಯ ಕ್ಷಾರ ಬೇಕು. ಸೌದೆಯ ಬೂದಿ ಸಾಲದೆ ಸಮುದ್ರತೀರದ ಪಾಚಿಯನ್ನು ಸುಟ್ಟ ಬೂದಿಯನ್ನು ಬಳಸುತ್ತಿದ್ದರು. ಪ್ಯಾರಿಸಿನ ಪೆಟ್ಲುಪ್ಪಿನ ತಯಾರಕ ಬರ್ನಾರ್ ಕೂರ್ತ್ವಾ 1811ರಲ್ಲಿ ಆ ಬೂದಿಯ ದ್ರಾವಣಕ್ಕೆ ಗಂಧಕಾಮ್ಲವನ್ನು ತುಸು ಹೆಚ್ಚಾಗಿ ಸುರಿದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ತಣ್ಣಗಿನ ಜಾಗಕ್ಕೆ ತಾಗಿದ ಹೊಗೆ ದ್ರವವಾಗದೆ ನೇರವಾಗಿ ಕಪ್ಪಗೆ ಹೊಳೆಯುವ ಹರಳಾಯಿತು.

ಕೂರ್ತ್ವಾ ಬಡವ. ಮುಂದಿನ ಶೋಧನೆಗೆ ಹಣವಿಲ್ಲದೆ ವಸ್ತುವನ್ನು ಸ್ನೇಹಿತರಿಗೆ ಕೊಟ್ಟ. 1813ರ ಕೊನೆಗೆ ಸುದ್ದಿ ಹೊರಬಿತ್ತು. ಅದೇ ಹೊತ್ತಿಗೆ ಶತ್ರುದೇಶದವನಾದರೂ ನೆಪೋಲಿಯನ್ನನ ಅಪ್ಪಣೆ ಪಡೆದು ಇಂಗ್ಲೆಂಡಿನ ಡೇವಿ ತನ್ನ ಸಹಾಯಕ ಮೈಕೆಲ್ ಫ್ಯಾರಡೆಯೊಡನೆ ಪ್ಯಾರಿಸಿಗೆ ಬಂದಿದ್ದ. ಇದು ಹೊಸ ಮೂಲವಸ್ತು ಎಂದು ಮೊದಲು ಹೇಳಿದವನು ತಾನೋ, ಫ್ರಾನ್ಸಿನ ಗೇ ಲ್ಯುಸಾಕನೋ ಎಂಬ ಜಗಳ ಹತ್ತಿತು. ಗ್ರೀಕ್ ಭಾಷೆಯಲ್ಲಿ ನೇರಳೆ ಬಣ್ಣದ ಹೂವಿನ ಹೆಸರನ್ನು ಹಿಡಿದು ಗೇ ಲ್ಯುಸಾಕ್ ‘ಇಯೋದ್’ ಎಂದ. ಕ್ಲೋರಿನ್ನಿನ ಜೋಡಿಯಾಗಿರಲಿ ಎಂದು ಡೇವಿ ಅದಕ್ಕೆ ‘ಇನ್’ ಸೇರಿಸಿದ. ನಾವು ಇಂಗ್ಲಿಷಿನ ದಾರಿಯಲ್ಲಿ ‘ಅಯೋಡಿನ್’ ಎನ್ನುತ್ತೇವೆ. ಇಬ್ಬರೂ ಹೆಸರು ಗಳಿಸಿದರು. ಕೂರ್ತ್ವಾ 1838ರಲ್ಲಿ ಬಡತನದಲ್ಲೇ ತೀರಿಕೊಂಡ.

ಗಳಗಂಡದ ನಾಡುಗಳು

ಕುತ್ತಿಗೆಯ ಮುಂಭಾಗ ಊದಿಕೊಳ್ಳುವ ಗಳಗಂಡ ಬಹಳ ಹಳೆಯ ರೋಗ. ನಮ್ಮ ಆಯುರ್ವೇದದ ಸಂಹಿತೆಗಳಲ್ಲಿಯೇ ಈ ಹೆಸರಿದೆ. ಯುರೋಪಿನಲ್ಲಿ ಆಲ್ಪ್ಸ್ ಪರ್ವತದ ಕಣಿವೆಗಳು ಇದಕ್ಕೆ ಕುಖ್ಯಾತವಾಗಿದ್ದವು. ಅಲ್ಲಿ ಗಳಗಂಡದ ಜೊತೆಗೆ ಇನ್ನೂ ದಾರುಣವಾದದ್ದೊಂದಿತ್ತು. ಹುಟ್ಟಿನಿಂದಲೇ ಕುಳ್ಳಾಗಿ, ಕಿವುಡಾಗಿ, ಮಾತು ಬಾರದೆ, ಬುದ್ಧಿ ಬೆಳೆಯದೆ ಉಳಿಯುವ ಮಕ್ಕಳು. ಅವರನ್ನು ಆ ಕಡೆಯ ಆಡುಮಾತಿನಲ್ಲಿ ‘ಕ್ರೆಟಿನ್’ ಎನ್ನುತ್ತಿದ್ದರು. ಅದು ‘ಕ್ರೈಸ್ತ’ ಎಂಬ ಪದದಿಂದಲೇ ಬಂದದ್ದೆಂದು ನಿಘಂಟುಗಳು ಹೇಳುತ್ತವೆ. ಇವನೂ ನಮ್ಮಂತೆಯೇ ಮನುಷ್ಯ ಎಂಬ ಕನಿಕರದ ಮಾತು. ಕಾಲ ಕಳೆದಂತೆ ಅದು ಬೈಗುಳವಾಯಿತು. ನಮ್ಮಲ್ಲಿಯೂ ‘ಪೆದ್ದು’, ‘ಮೊದ್ದು’ ಎಂದು ತಳ್ಳಿಹಾಕಿಸಿಕೊಂಡ ಮಕ್ಕಳಲ್ಲಿ ಎಷ್ಟು ಮಂದಿಯ ತಪ್ಪು ತಾಯಿಯ ಊಟದಲ್ಲಿ ಇಲ್ಲದ ಒಂದು ಚಿಟಿಕೆ ವಸ್ತುವಿನದೋ, ಯಾರು ಬಲ್ಲರು?

ಸಮುದ್ರದ ಸ್ಪಂಜನ್ನು ಸುಟ್ಟು ಆ ಬೂದಿಯನ್ನು ಗಳಗಂಡಕ್ಕೆ ಕೊಡುವುದು ಹಳೆಯ ಮದ್ದು. ಅದರಲ್ಲಿ ಕೆಲಸ ಮಾಡುವುದು ಅಯೋಡಿನ್ನೇ ಇರಬೇಕೆಂದು ಊಹಿಸಿದ ಜಿನೀವಾದ ವೈದ್ಯ ಕ್ವಾಂದೆ 1820ರಲ್ಲಿ ಅದನ್ನೇ ರೋಗಿಗಳಿಗೆ ಕೊಟ್ಟ. ಊತ ಇಳಿಯಿತು. ಸುದ್ದಿ ಹರಡಿ, ಜನ ತಾವೇ ಕೊಂಡು ಮನಬಂದಷ್ಟು ಕುಡಿದರು. ಎದೆ ಬಡಿತ, ನಡುಕ, ಮೈ ಇಳಿಯುವುದು ಶುರುವಾಯಿತು. ಮದ್ದಿಗೆ ಕೆಟ್ಟ ಹೆಸರು ಬಂತು. ಬೇಕಾದ್ದು ಎಷ್ಟು ಕಡಿಮೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಎಷ್ಟು ಕಡಿಮೆ? ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ 150 ಪಾಲು. ಬಸುರಿಗೆ 250. ಎಪ್ಪತ್ತು ವರ್ಷ ಬದುಕುವವನ ಇಡೀ ಆಯುಷ್ಯಕ್ಕೆ ಲೆಕ್ಕ ಹಾಕಿದರೆ ನಾಲ್ಕು ಗ್ರಾಂ ಕೂಡ ಆಗುವುದಿಲ್ಲ. ಒಂದು ಟೀ ಚಮಚೆಗೂ ಕಡಿಮೆ. ಆದರೆ ಇದನ್ನು ಒಮ್ಮೆಗೇ ತಿಂದು ಮುಗಿಸುವಂತಿಲ್ಲ. ದಿನವೂ ಬೇಕು, ದಿನಕ್ಕಿಷ್ಟೇ ಬೇಕು.

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ ಅಯೋಡಿನ್ ಇದೆಯೆಂದು ಜರ್ಮನಿಯ ಬೌಮನ್ ಕಂಡುಕೊಂಡದ್ದು 1895ರಲ್ಲಿ. ಗ್ರಂಥಿ ರಕ್ತದಿಂದ ಹೀರಿಕೊಳ್ಳುವುದು ಅಯೋಡೈಡಿನ ರೂಪದಲ್ಲಿಯೇ. ಅದರಿಂದ ಹಾರ್ಮೋನು ಕಟ್ಟುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಟಿ3, ಟಿ4 ಎಂದಿರುವುದನ್ನು ಬಹಳ ಮಂದಿ ನೋಡಿರುತ್ತಾರೆ. ಆ 3 ಮತ್ತು 4 ಆಯಾ ಹಾರ್ಮೋನಿನ ಒಂದು ಅಣುವಿನಲ್ಲಿರುವ ಅಯೋಡಿನ್ ಪರಮಾಣುಗಳ ಸಂಖ್ಯೆ. ಅಯೋಡಿನ್ ಸಿಗದಿದ್ದರೆ ಗ್ರಂಥಿ ಇದ್ದಬದ್ದದ್ದನ್ನು ಹಿಡಿಯಲು ತಾನೇ ದೊಡ್ಡದಾಗುತ್ತದೆ. ಅದೇ ಗಳಗಂಡ. ಬಸುರಿಯಲ್ಲಿ ಈ ಕೊರತೆಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಸೊರಗುತ್ತದೆ. ಹುಟ್ಟಿದ ಮೇಲೆ ಯಾವ ಮದ್ದೂ ಅದನ್ನು ಪೂರ್ತಿ ಸರಿಪಡಿಸಲಾರದು.

ಉಪ್ಪೇ ಏಕೆ?

ಬಡವ ಬಲ್ಲಿದ ಎನ್ನದೆ ಎಲ್ಲರೂ ದಿನವೂ ತಿನ್ನುವ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುವ ಪದಾರ್ಥ ಉಪ್ಪು. ಕೊಲಂಬಿಯಾದಲ್ಲಿದ್ದ ಫ್ರೆಂಚ್ ವಿಜ್ಞಾನಿ ಬೂಸಿಂಗೋ ಕೆಲವು ಗಣಿಗಳ ಉಪ್ಪು ತಿನ್ನುವವರಲ್ಲಿ ಗಳಗಂಡವಿಲ್ಲದ್ದನ್ನು ಗಮನಿಸಿ ಅಂಥ ಉಪ್ಪನ್ನೇ ಹಂಚಬೇಕೆಂದು 1830ರ ದಶಕದಲ್ಲಿಯೇ ಹೇಳಿದ್ದ. ಕೇಳಿದವರಿರಲಿಲ್ಲ. 1917ರಿಂದ ಅಮೆರಿಕದ ಅಕ್ರನ್ ನಗರದಲ್ಲಿ ಡೇವಿಡ್ ಮರೀನ್ ಮತ್ತು ಕಿಂಬಾಲ್ ಶಾಲಾ ಬಾಲಕಿಯರಿಗೆ ಸೋಡಿಯಂ ಅಯೋಡೈಡ್ ಕೊಟ್ಟು ಗಳಗಂಡವನ್ನು ತಡೆಯಬಹುದೆಂದು ತೋರಿಸಿದರು. 1922ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೂ 1924ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿಯೂ ಅಯೋಡೈಡ್ ಬೆರೆತ ಉಪ್ಪು ಮಾರಾಟಕ್ಕೆ ಬಂತು.

ಭಾರತದಲ್ಲಿ ಈ ಕಥೆಯ ಮುಖ್ಯ ಅಧ್ಯಾಯ ನಡೆದದ್ದು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ಭಾಗ ಮಾಡಿದರು. ಒಂದು ಭಾಗಕ್ಕೆ ಅಯೋಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಅಯೋಡೇಟ್ ಬೆರೆಸಿದ್ದು, ಮತ್ತೊಂದಕ್ಕೆ ಬರಿಯ ಉಪ್ಪು. ಆರಂಭದಲ್ಲಿ ಮೂರೂ ಕಡೆ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಜನರಿಗೆ ಗಳಗಂಡವಿತ್ತು. ಕೆಲವು ವರ್ಷಗಳಲ್ಲಿ ಮೊದಲಿನ ಎರಡು ಭಾಗಗಳಲ್ಲಿ ಅದು ಬಹಳವಾಗಿ ಇಳಿಯಿತು. ಬರಿಯ ಉಪ್ಪು ತಿಂದ ಭಾಗದಲ್ಲಿ ಇಳಿಯಲಿಲ್ಲ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಗಳಗಂಡ ಹಿಮಾಲಯದವರ ರೋಗ ಎಂಬ ಭಾವನೆ ಬಹುಕಾಲ ಇತ್ತು. ಆದರೆ ಸಮೀಕ್ಷೆ ನಡೆದಂತೆಲ್ಲ ನಮ್ಮ ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡಿನ ಜಿಲ್ಲೆಗಳಲ್ಲಿಯೂ ಅದು ಇರುವುದು ಕಂಡುಬಂತು. ಧಾರಾಕಾರ ಮಳೆ ಮೇಲ್ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋದರೆ ಅಲ್ಲಿನ ಬೆಳೆಯಲ್ಲಿಯೂ ಅದು ಇರುವುದಿಲ್ಲ.

ಹಾಗಾದರೆ ಅಯೋಡೈಡೋ, ಅಯೋಡೇಟೋ? ಇಲ್ಲಿಯೇ ಹೆಸರಿನ ಬಾಲಕ್ಕೆ ಬೆಲೆ ಬರುವುದು. ಅಯೋಡೈಡ್ ಗಾಳಿಯ ಆಮ್ಲಜನಕಕ್ಕೆ ಬೇಗ ಸೋಲುತ್ತದೆ. ಉಪ್ಪು ನೀರೊಡೆದು, ಬಿಸಿಲಿಗೆ ಕಾದಾಗ ಅಯೋಡೈಡ್ ಒಡೆದು ಅಯೋಡಿನ್ನಾಗಿ ಆವಿಯಾಗಿ ಹೋಗುತ್ತದೆ. ಒಣಹವೆಯ, ಚಳಿಯ ದೇಶಗಳಲ್ಲಿ, ಶುದ್ಧೀಕರಿಸಿದ ಉಪ್ಪಿನಲ್ಲಿ ಅದು ನಿಲ್ಲಬಹುದು. ನಮ್ಮ ಕರಾವಳಿಯ ಆಷಾಢದಲ್ಲಿ ಭರಣಿಯ ತಳದಲ್ಲಿ ನೀರೊಡೆದು ನಿಂತ ಉಪ್ಪನ್ನು ಕಂಡವರಿಗೆ ಅದು ಇಲ್ಲಿ ನಿಲ್ಲದೆಂದು ಬೇರೆ ಹೇಳಬೇಕಾಗಿಲ್ಲ. ಅಯೋಡೇಟ್ ಆಗಲೇ ಆಮ್ಲಜನಕವನ್ನು ಹೊತ್ತುಕೊಂಡಿರುವುದರಿಂದ ಗಾಳಿ ಅದನ್ನು ಅಲುಗಿಸಲಾರದು. ನೀರಿನಲ್ಲಿ ಕರಗುವುದೂ ನಿಧಾನ. ಆದ್ದರಿಂದ ನಮ್ಮ ದೇಶ ಅಯೋಡೇಟನ್ನು ಆರಿಸಿಕೊಂಡಿತು. ಹೊಟ್ಟೆ ಸೇರಿದ ಮೇಲೆ ದೇಹವೇ ಆಮ್ಲಜನಕವನ್ನು ಕಳಚಿ ಅದನ್ನು ಅಯೋಡೈಡ್ ಮಾಡಿಕೊಳ್ಳುತ್ತದೆ. ದಾರಿಯಲ್ಲಿ ಅಯೋಡೇಟ್, ಮನೆ ಮುಟ್ಟಿದಾಗ ಅಯೋಡೈಡ್.

ಅಂಗಡಿಯಲ್ಲಿ ಮಾರುವ ಉಪ್ಪಿನ ಪ್ರತಿ ಕಿಲೋದಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. ಒಬ್ಬರು ದಿನಕ್ಕೆ 10 ಗ್ರಾಂ ಉಪ್ಪು ತಿಂದರೆ ಸಿಗುವುದು ಸರಿಯಾಗಿ 150 ಮೈಕ್ರೋಗ್ರಾಂ.

ನಿಯಮದ ಹಾದಿ ಮಾತ್ರ ನೇರವಾಗಿರಲಿಲ್ಲ. ಅಯೋಡಿನ್ ಇಲ್ಲದ ಉಪ್ಪನ್ನು ಊಟದ ಬಳಕೆಗೆ ಮಾರಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧ ಹೇರಿತು, 2000ದಲ್ಲಿ ಹಿಂತೆಗೆಯಿತು, 2006ರಲ್ಲಿ ಮತ್ತೆ ಜಾರಿಗೆ ತಂದಿತು. 2011ರಲ್ಲಿ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಬಳಿಕ ಆಹಾರ ಸುರಕ್ಷತೆಯ ಹೊಸ ಕಾಯಿದೆಯಡಿ ಮುಂದುವರಿಯಿತು. ವಿರೋಧ ಸುಮ್ಮನೆ ಹುಟ್ಟಿದ್ದಲ್ಲ. ಗಾಂಧೀಜಿ ಉಪ್ಪಿಗಾಗಿ ನಡೆದ ದೇಶ ಇದು. 1930ರಲ್ಲಿ ನಮ್ಮ ಅಂಕೋಲೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಕಡೆ ಆಗರದಲ್ಲಿ ಉಪ್ಪು ಬೆಳೆಯುವವರಿಗೆ, ಯಂತ್ರವಿಲ್ಲದ ಸಣ್ಣವರ ಬದುಕು ದೊಡ್ಡ ಕಂಪನಿಗಳ ಪಾಲಾದೀತೆಂಬ ಭಯ ಸಹಜವೇ. ಆ ಭಯಕ್ಕೆ ಉತ್ತರ, ಸಣ್ಣ ಆಗರಗಳಿಗೂ ಅಯೋಡೇಟ್ ಸಿಂಪಡಿಸುವ ಅನುಕೂಲ ಮಾಡಿಕೊಡುವುದು; ಮಕ್ಕಳನ್ನು ಅಯೋಡಿನ್ ಇಲ್ಲದೆ ಬೆಳೆಸುವುದಲ್ಲ.

‘ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದಲ್ಲ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ, ಸುಮಾರು 60 ಮೈಕ್ರೋಗ್ರಾಂ ಅಯೋಡಿನ್. ಒಂದು ಕಿಲೋ ಉಪ್ಪಿಗೆ ಮೂವತ್ತು ಲೀಟರ್ ನೀರು ಬೇಕೆನ್ನಿ. ಒಂದಿಷ್ಟೂ ಕಳೆದುಹೋಗದೆ ಎಲ್ಲ ಅಯೋಡಿನ್ ಉಪ್ಪಿನಲ್ಲೇ ಉಳಿದರೂ ಎರಡು ಮಿಲಿಗ್ರಾಂ ಆಗುವುದಿಲ್ಲ. ಬೇಕಾದ್ದು ಹದಿನೈದು. ಕಲ್ಲುಪ್ಪಾಗಲಿ, ಗುಲಾಬಿ ಬಣ್ಣದ ಸೈಂಧವ ಲವಣವಾಗಲಿ ಅಯೋಡೇಟ್ ಬೆರೆಸದಿದ್ದರೆ ಈ ಕೊರತೆಯನ್ನು ತುಂಬಲಾರದು.

ನೀಲಿ ಬಣ್ಣದ ಪರೀಕ್ಷೆ

ಶಾಲೆಯಲ್ಲಿ ಗಂಜಿಗೆ ಟಿಂಕ್ಚರ್ ಬಿಟ್ಟು ಕಡುನೀಲಿ ಬಣ್ಣ ಬರಿಸಿದ ನೆನಪಿನಿಂದ ಕೆಲವರು ಆಲೂಗಡ್ಡೆಯ ಹೋಳಿಗೆ ಉಪ್ಪು ಸವರುತ್ತಾರೆ. ನೀಲಿಯಾಗದಿದ್ದರೆ ಉಪ್ಪು ಕಲಬೆರಕೆ ಎನ್ನುತ್ತಾರೆ. ಅದು ಸರಿಯಲ್ಲ. ಪಿಷ್ಟ ನೀಲಿಯಾಗುವುದು ಬಿಡಿಯಾದ ಅಯೋಡಿನ್ನಿಗೆ. ಉಪ್ಪಿನಲ್ಲಿರುವುದು ಕಟ್ಟಿಹಾಕಿದ ಅಯೋಡೇಟ್. ಆರೋಗ್ಯ ಕಾರ್ಯಕರ್ತೆಯರು ತರುವ ಪುಟ್ಟ ಸೀಸೆಯಲ್ಲಿ ಪಿಷ್ಟದ ಜೊತೆಗೆ ಆಮ್ಲವೂ ಅಯೋಡೈಡೂ ಇರುತ್ತವೆ. ಉಪ್ಪಿನ ಅಯೋಡೇಟಿಗೆ ಆಮ್ಲದ ನಡುವೆ ಅಯೋಡೈಡ್ ತಾಗಿದ ಕೂಡಲೇ ಎರಡೂ ಒಡೆದು ಬಿಡಿ ಅಯೋಡಿನ್ ಹೊರಬೀಳುತ್ತದೆ, ಆಗ ನೀಲಿ.

ಟಿಂಕ್ಚರಿನಲ್ಲಿ ಅಯೋಡೈಡಿಗೆ ಬೇರೊಂದು ಕೆಲಸ. ಅಯೋಡಿನ್ ನೀರಿನಲ್ಲಿ ಸರಿಯಾಗಿ ಕರಗದು. ಅಯೋಡೈಡ್ ಜೊತೆಗಿದ್ದರೆ ಅದಕ್ಕೆ ಅಂಟಿಕೊಂಡು ಕರಗುತ್ತದೆ. ಫ್ರಾನ್ಸಿನ ಲುಗೋಲ್ 1829ರಲ್ಲಿ ಹೀಗೆ ಮಾಡಿದ ದ್ರಾವಣ ಇನ್ನೂ ಅವನ ಹೆಸರಿನಲ್ಲೇ ಬಳಕೆಯಲ್ಲಿದೆ. ಬೆಳ್ಳಿಯ ಅಯೋಡೈಡಿನ ಕಥೆಯೇ ಬೇರೆ. ಬೆಳಕು ತಾಗಿದರೆ ಅದು ಮಾರ್ಪಡುತ್ತದೆ. 1839ರಲ್ಲಿ ದಾಗೇರ್ ಬೆಳ್ಳಿಯ ತಗಡಿಗೆ ಅಯೋಡಿನ್ ಆವಿ ತಾಗಿಸಿ ತೆಗೆದ ಚಿತ್ರಗಳಿಂದಲೇ ಛಾಯಾಚಿತ್ರ ಕಲೆ ಜಗತ್ತಿಗೆ ತಿಳಿಯಿತು. ಅದರ ಹರಳಿನ ಜೋಡಣೆ ಮಂಜುಗಡ್ಡೆಯದನ್ನು ಹೋಲುವುದರಿಂದ ಮೋಡದಲ್ಲಿ ಹಿಮಕಣ ಕಟ್ಟಲು ಬೀಜವಾಗಬಲ್ಲದೆಂದು 1946ರಲ್ಲಿ ಬರ್ನಾರ್ಡ್ ವಾನೆಗಟ್ ಕಂಡುಕೊಂಡ. ಕರ್ನಾಟಕದಲ್ಲಿ 2003ರಲ್ಲಿಯೂ 2017ರಲ್ಲಿಯೂ ಮೋಡ ಬಿತ್ತನೆ ನಡೆದಾಗ ‘ಬಿತ್ತನೆ’ ಎಂಬ ನಮ್ಮ ಹೊಲದ ಮಾತು ಸೊಗಸಾಗಿ ಹೊಂದಿಕೊಂಡಿತು. ಬೀಜವಿದ್ದರೂ ಮೋಡವಿಲ್ಲದೆ ಬೆಳೆಯಿಲ್ಲ ಎಂಬುದೂ ಆ ಮಾತಿನೊಳಗೇ ಇದೆ.

ಹೆಸರು ತಿಳಿಯದ ಭಯ

ಪರಮಾಣು ಸ್ಥಾವರ ಒಡೆದಾಗ ಹೊರಬೀಳುವ ವಿಕಿರಣದಲ್ಲಿ ಅಯೋಡಿನ್-131 ಎಂಬುದೂ ಇರುತ್ತದೆ. ಥೈರಾಯ್ಡಿಗೆ ಒಳ್ಳೆಯ ಅಯೋಡಿನ್, ಕೆಟ್ಟ ಅಯೋಡಿನ್ ಎಂಬ ಭೇದ ತಿಳಿಯದು, ಎರಡನ್ನೂ ಹೀರುತ್ತದೆ. ಆದ್ದರಿಂದ ಮುಂಚಿತವಾಗಿಯೋ, ಕೆಲವೇ ಗಂಟೆಗಳೊಳಗೋ ಪೊಟ್ಯಾಸಿಯಂ ಅಯೋಡೈಡ್ ಕೊಟ್ಟು ಗ್ರಂಥಿಯನ್ನು ತುಂಬಿಬಿಟ್ಟರೆ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. 1986ರಲ್ಲಿ ಚೆರ್ನೊಬಿಲ್ ದುರಂತವಾದಾಗ ನೆರೆಯ ಪೋಲೆಂಡ್ ಕೆಲವೇ ದಿನಗಳಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಇದನ್ನು ಕುಡಿಸಿತು.

2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರ ಕೆಟ್ಟಾಗ ಚೀನಾದಲ್ಲಿ ಜನ ಅಂಗಡಿಗಳಿಗೆ ಮುಗಿಬಿದ್ದು ಅಯೋಡಿನ್‌ಯುಕ್ತ ಉಪ್ಪನ್ನು ಮೂಟೆಗಟ್ಟಲೆ ಕೊಂಡರು. ವಯಸ್ಕರಿಗೆ ಕೊಡುವ ಅಯೋಡೈಡ್ ಮಾತ್ರೆ 130 ಮಿಲಿಗ್ರಾಂ. ಅದರಲ್ಲಿ ಅಯೋಡಿನ್ ಸುಮಾರು 100 ಮಿಲಿಗ್ರಾಂ. ಕಿಲೋಗೆ 30 ಮಿಲಿಗ್ರಾಂ ಅಯೋಡಿನ್ ಇರುವ ಉಪ್ಪಿನಿಂದ ಅಷ್ಟು ಪಡೆಯಬೇಕಾದರೆ ಮೂರು ಕಿಲೋಗೂ ಮಿಕ್ಕಿ ಉಪ್ಪು ತಿನ್ನಬೇಕು. ಅಷ್ಟು ತಿಂದವನನ್ನು ವಿಕಿರಣಕ್ಕೆ ಮೊದಲು ಉಪ್ಪೇ ಕೊಲ್ಲುತ್ತದೆ. ಇನ್ನು ಭಯಕ್ಕೆ ಟಿಂಕ್ಚರ್ ಕುಡಿಯುವುದಂತೂ ವಿಷ ಕುಡಿದಂತೆಯೇ. ಮಾತ್ರೆಯನ್ನೂ ಸರ್ಕಾರ ಹೇಳಿದಾಗ, ಹೇಳಿದಷ್ಟೇ ತೆಗೆದುಕೊಳ್ಳಬೇಕು.

ಹಾಗಾಗಿ ಬರೆಯುವವರೂ ಓದುವವರೂ ಮೂರು ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಅಯೋಡಿನ್ ಎಂದರೆ ಮೂಲವಸ್ತು. ಬಿಡಿಯಾಗಿದ್ದರೆ ಗಾಯಕ್ಕೆ ಹಚ್ಚುವಂಥದು, ಬಾಯಿಗೆ ಹಾಕುವಂಥದಲ್ಲ. ಅಯೋಡೈಡ್ ಎಂದರೆ ದೇಹ ಬಳಸಿಕೊಳ್ಳುವ ಲವಣ, ಮಾತ್ರೆಯಲ್ಲಿ ಇರುವುದು. ಅಯೋಡೇಟ್ ಎಂದರೆ ನಮ್ಮ ಉಪ್ಪಿನ ಪೊಟ್ಟಣದಲ್ಲಿ ಇರುವುದು. ವೈದ್ಯರು ರಕ್ತದೊತ್ತಡಕ್ಕೆಂದು ಉಪ್ಪು ಕಡಿಮೆ ಮಾಡಲು ಹೇಳಿದ್ದರೆ ಕಡಿಮೆ ಮಾಡಬೇಕು. ಆದರೆ ತಿನ್ನುವ ಆ ಸ್ವಲ್ಪ ಉಪ್ಪು ಅಯೋಡಿನ್‌ಯುಕ್ತವಾಗಿರಲಿ. ಪೊಟ್ಟಣ ಒಡೆದ ಮೇಲೆ ಮುಚ್ಚಳವಿರುವ ಭರಣಿಯಲ್ಲಿ, ಒಲೆಯ ಶಾಖದಿಂದ ದೂರ ಇಡಿ. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಈ ಸಲ ಉಪ್ಪು ಕೊಳ್ಳುವಾಗ ಪೊಟ್ಟಣದ ಹಿಂಬದಿಯ ಸಣ್ಣಕ್ಷರವನ್ನು ಒಮ್ಮೆ ಓದಿ ನೋಡಿ.